ಇಂದಿನ ಧಮ್ಮ ಚಿಂತನೆ: ಮೊಂಡು ಚಾಕು, ಹರಿತ ಚಾಕು



ನಮ್ಮ ಕೋಲಾರದಲ್ಲಿ ಟೊಮೇಟೊ ಹಾಕದ ಅಡುಗೆ ಕಡಿಮೆ. ಚಾಕು ಮೊಂಡಾಗಿದೆ ಎಂದು ಮೊದಲು ಹೇಳುವುದೂ ಟೊಮೇಟೊನೇ. ಹರಿತವಿದ್ದರೆ ಸಿಪ್ಪೆಗೆ ತಾಗಿದ ಕೂಡಲೇ ಇಳಿಯುತ್ತದೆ. ಮೊಂಡಾಗಿದ್ದರೆ ಒತ್ತಬೇಕು. ಒತ್ತಿದರೆ ಚಾಕು ಜಾರಿ ಬೆರಳನ್ನೇ ಕೊಯ್ಯುತ್ತದೆ. ಹರಿತ ಚಾಕುವಿಗಿಂತ ಮೊಂಡು ಚಾಕುವೇ ಅಪಾಯ.

ಚಾಕು ಮಸೆಯಲು ನಾನು ದುಡ್ಡು ಖರ್ಚು ಮಾಡುವುದಿಲ್ಲ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿದರೆ ತಳದಲ್ಲಿ ಹೊಳಪಿಲ್ಲದ ಒರಟು ಅಂಚು ಇರುತ್ತದೆ. ಅದು ಚಾಕುವಿನ ಉಕ್ಕಿಗಿಂತ ಗಟ್ಟಿ. ಕಪ್ಪಿನ ಕೆಳಗೆ ಒದ್ದೆ ಬಟ್ಟೆ ಹಾಸಿ, ಅಂಚಿಗೆ ನಾಲ್ಕು ಹನಿ ನೀರು ಹಾಕುತ್ತೇನೆ. ಚಾಕುವಿನ ಬೆನ್ನನ್ನು ಸುಮಾರು 20 ಡಿಗ್ರಿ ಎತ್ತಿ, ಒಂದೊಂದು ಮಗ್ಗುಲಿಗೆ ಹತ್ತು ಸಲ ಹಗುರವಾಗಿ ಎಳೆಯುತ್ತೇನೆ. ಆಮೇಲೆ ಹಳೆಯ ಚರ್ಮದ ಬೆಲ್ಟಿನ ಮೇಲೆ, ಬೆನ್ನು ಮುಂದಾಗಿ, ನಾಲ್ಕು ಸಲ ಸವರಿ ತೊಳೆದಿಡುತ್ತೇನೆ.

'ಕತ್ತಿ ಮಸೆಯುವುದು' ಎಂದರೆ ನಮ್ಮ ಮಾತಿನಲ್ಲಿ ಹಗೆ ಸಾಧಿಸುವುದು. ಆದರೆ ಹರಿತದಲ್ಲಿ ತಪ್ಪೇನಿದೆ? ಹಿಡಿದ ಕೈ ಯಾವುದು ಎಂದು ನೋಡಬೇಕು. 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬಾಬಾಸಾಹೇಬರು ಪ್ರಜ್ಞೆಯನ್ನು ಖಡ್ಗಕ್ಕೆ ಹೋಲಿಸುತ್ತಾರೆ. ಶೀಲವಂತನ ಕೈಯಲ್ಲಿ ಅದು ಅಪಾಯದಲ್ಲಿರುವವರನ್ನು ಕಾಪಾಡುತ್ತದೆ. ಶೀಲವಿಲ್ಲದವನ ಕೈಯಲ್ಲಿ ಕೊಲೆಗೂ ಒದಗುತ್ತದೆ.

ನಾಲ್ಕು ಜನರೆದುರು ಯಾರೋ ಜಾತಿ ಹಿಡಿದು ನಿಂದಿಸಿದರು ಎನ್ನಿ. ತಿರುಗಿ ಬೈದು ಕೈ ಎತ್ತಿದರೆ ಮೊಂಡು ಚಾಕು ಒತ್ತಿದ ಹಾಗೆ: ಜಾರಿ ನಮ್ಮ ಹುಡುಗನ ಮೇಲೆಯೇ ಕೇಸಾಗುತ್ತದೆ. ತಲೆ ತಗ್ಗಿಸಿ ಮನೆಗೆ ಬಂದರೆ ಚಾಕುವನ್ನು ತುಕ್ಕು ಹಿಡಿಯಲು ಬಿಟ್ಟ ಹಾಗೆ. ದಿನ, ಹೊತ್ತು, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆದಿಟ್ಟುಕೊಂಡು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಿ. ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ. ದೂರು ಕೊಟ್ಟವರಿಗೆ ಅದು ಉಚಿತ. ಇದು ಶೀಲ ಹಿಡಿದ ಪ್ರಜ್ಞೆ.

ಈ ಹರಿತ ಒಂದು ದಿನಕ್ಕೆ ಬರುವುದಿಲ್ಲ, ಬಂದದ್ದು ಹಾಗೇ ಉಳಿಯುವುದೂ ಇಲ್ಲ. ದೀಕ್ಷೆ ಒಮ್ಮೆ ಪಡೆದೆವು. ಮಸೆಯುವುದು ವಾರವಾರದ ಕೆಲಸ. ಅದಕ್ಕೂ ದುಬಾರಿ ಸಾಣೆಕಲ್ಲು ಬೇಕಿಲ್ಲ. ಮನೆಯಲ್ಲಿರುವ ಪುಸ್ತಕ, ಬಾಯಿಪಾಠವಾಗಿರುವ ಪಂಚಶೀಲ, ಮಕ್ಕಳ ಜೊತೆ ಅರ್ಧ ಗಂಟೆ ಸಾಕು.

ಇಂದು ಎರಡು ಕೆಲಸ ಮಾಡೋಣ. ಅಡುಗೆಮನೆಯ ಚಾಕು ಮಸೆಯೋಣ. ಅಡುಗೆ ಮಾಡುವ ಅಕ್ಕತಂಗಿಯರೇ ಮಸೆದುಕೊಳ್ಳಲಿ ಎಂದು ಗಂಡಸರು ಬಿಡುವುದು ಬೇಡ. ರಾತ್ರಿ ಮಕ್ಕಳನ್ನು ಕೂರಿಸಿಕೊಂಡು ಒಂದು ಪುಟ ಓದೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.