ರಸ್ತೆಯ ಲೆಕ್ಕದಲ್ಲಿ ನಾವೆಷ್ಟು?

ರಸ್ತೆ ಎಲ್ಲಿ ಆಗಬೇಕು, ದುಡ್ಡು ಎಲ್ಲಿಗೆ ಸುರಿಯಬೇಕು ಎಂದು ತೀರ್ಮಾನಿಸುವವರು ಯಾರು? ಮಂತ್ರಿ, ಇಂಜಿನಿಯರ್, ಗುತ್ತಿಗೆದಾರ ಎಂದು ಬೆರಳು ಮಾಡುತ್ತೇವೆ. ಸರಿಯೇ. ಆದರೆ ಇವರು ಸಭೆ ಕೂರುವ ಮುಂಚೆಯೇ ಒಂದು ಅಳತೆಗೋಲು ಅರ್ಧ ತೀರ್ಮಾನ ಮುಗಿಸಿರುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮಾಂತರ ರಸ್ತೆಗಳಿಗೆ ಕೊಟ್ಟ ಕೋಷ್ಟಕ ನೋಡಿ. ರಸ್ತೆ ತುಂಬಿತೇ, ಅಗಲ ಮಾಡಬೇಕೇ ಎಂದು ಅಳೆಯುವ ಲೆಕ್ಕ ಅದು. ಕಾರು ಅಂದರೆ 1. ಸೈಕಲ್ಲು ಅರ್ಧ. ಐವತ್ತು ಜನ ತುಂಬಿದ ಬಸ್ಸು 3; ಮರಳು ತುಂಬಿದ ಲಾರಿಯೂ 3. ಎತ್ತಿನ ಗಾಡಿ 8! ಗೌರವಕ್ಕಲ್ಲ ಸ್ವಾಮಿ, ಕಾರಿಗೆ ಅಷ್ಟು ಅಡ್ಡ ಅಂತ. ಸೌದೆ ಹೊತ್ತು ನಡೆಯುವ ನಮ್ಮ ಅವ್ವಂದಿರಿಗೆ ಅಲ್ಲಿ ಅಂಕಿಯೇ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದು ಬರೀ ಗಣಿತ ಅಂತಾರೆ. ಯಾರನ್ನು 'ಒಂದು' ಎಂದು ಹಿಡಿಯಬೇಕು ಎಂಬುದನ್ನು ಯಾವ ಗಣಿತ ಹೇಳೀತು? ಅದು ನ್ಯಾಯದ ಮಾತು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದ ಬಗ್ಗೆ ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಮತಗಟ್ಟೆಯಲ್ಲಿ ನಾವೂ ಒಂದು. ಮತ ಹಾಕಿ ನಡೆದು ಬರುವ ದಾರಿಯಲ್ಲಿ ಸೊನ್ನೆ.

ಕಾರನ್ನೇ ಎಣಿಸುವ ಕಣ್ಣಿಗೆ ಕಾರಿನ ದಾರಿಯೇ ಕಾಣುತ್ತದೆ. ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 2025ರ ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಬಸ್ಸಿಗೆ ಕಾಯುವವರ ತಲೆ ಎಣಿಸಿದ್ದರೆ ಈ ದುಡ್ಡು ಯಾವ ಕಡೆ ಹರಿಯುತ್ತಿತ್ತು?

ಗೆಳೆಯರೇ, ರಸ್ತೆ ಕೇಳೋಣ, ಬಸ್ಸು ಕೇಳೋಣ. ಅದಕ್ಕೂ ಮುಂಚೆ ಅಳೆಯುವ ಕೋಲನ್ನೇ ಕೇಳೋಣ: ನಿನ್ನ ಲೆಕ್ಕದಲ್ಲಿ ಮನುಷ್ಯ ಎಷ್ಟು?