ವೈದ್ಯರ ಪ್ರಶ್ನೆಗೆ ನಿಜ ಹೇಳೋಣ



ಸಂತ ಯೊವಾನ್ನರ ಶುಭಸಂದೇಶದ 5ನೇ ಅಧ್ಯಾಯದಲ್ಲಿ, ಜೆರುಸಲೇಮಿನ ಕೊಳದ ಬಳಿ 38 ವರ್ಷಗಳಿಂದ ಕಾಯಿಲೆಯಲ್ಲಿ ನರಳುತ್ತಿದ್ದ ಒಬ್ಬನನ್ನು ಕಾಣುತ್ತೇವೆ. ಅವನನ್ನು ಗುಣಪಡಿಸುವ ಮೊದಲು ಯೇಸುಸ್ವಾಮಿ, ಗುಣವಾಗುವ ಆಸೆ ಇದೆಯೇ ಎಂದು ವಿಚಾರಿಸಿದರು. ಗದರಿಸಲಿಲ್ಲ, ಹೀಯಾಳಿಸಲಿಲ್ಲ. ಸ್ವಸ್ಥತೆ ಒಂದು ಪ್ರಶ್ನೆಯಿಂದ ಆರಂಭವಾಯಿತು.

ನಮ್ಮಲ್ಲಿ ರೋಸ್ ಇರಲಿ, ಮದುವೆ ಇರಲಿ, ಬಾಟಲಿ ಇಲ್ಲದಿದ್ದರೆ ಸಂಭ್ರಮವೇ ಇಲ್ಲವೆಂಬ ಭಾವನೆ ಇದೆ. ಆದರೆ ಅದೇ ಕುಡಿತ ರೋಗವಾದಾಗ ಬಾಯಿ ಮುಚ್ಚಿಕೊಳ್ಳುತ್ತೇವೆ. ಪಂಪ್‌ವೆಲ್‌ನಲ್ಲಿ ಬಸ್ಸಿಳಿದು, ಹೊಟ್ಟೆನೋವು, ನಿದ್ರೆಯಿಲ್ಲ, ಬಿ.ಪಿ. ಎಂದು ಡಾಕ್ಟರರ ಬಳಿ ಹೋಗುತ್ತೇವೆ. ಕುಡಿತ ಇದೆಯೇ ಎಂದು ಅವರು ಕೇಳಿದರೆ, "ಅಪರೂಪಕ್ಕೆ ಡಾಕ್ಟ್ರೇ" ಎನ್ನುತ್ತೇವೆ. ಪಕ್ಕದಲ್ಲಿ ಕುಳಿತ ಹೆಂಡತಿ ತಲೆ ತಗ್ಗಿಸುತ್ತಾಳೆ. ಮಾತ್ರೆ ಸಿಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ.

ಡಾಕ್ಟರರು ಕೇಳುವುದು ಮಾನ ಕಳೆಯಲು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿಯೇ 'ಆಡಿಟ್' ಎಂಬ 10 ಪ್ರಶ್ನೆಗಳ ಪಟ್ಟಿ ರಚಿಸಿದೆ. ಎಷ್ಟು ಸಲ ಕುಡಿಯುತ್ತೀರಿ? ಆರಂಭಿಸಿದರೆ ನಿಲ್ಲಿಸಲು ಆಗುವುದಿಲ್ಲವೇ? ಬೆಳಿಗ್ಗೆ ಎದ್ದ ಕೂಡಲೇ ಬೇಕೆನಿಸುತ್ತದೆಯೇ? ಮರುದಿನ ಪಶ್ಚಾತ್ತಾಪವಾಗುತ್ತದೆಯೇ? ಕಡಿಮೆ ಮಾಡೆಂದು ಯಾರಾದರೂ ಹೇಳಿದ್ದಾರೆಯೇ? ಒಟ್ಟು 40 ಅಂಕಗಳಲ್ಲಿ 8 ಅಥವಾ ಹೆಚ್ಚು ಬಂದರೆ ಎಚ್ಚರಿಕೆಯ ಗಂಟೆ. ಇದಿನ್ನೂ ತೀರ್ಪಲ್ಲ. ಕುಡಿತದ ಹಂಬಲ, ಹಿಡಿತ ತಪ್ಪುವುದು, ಬಿಟ್ಟರೆ ಕೈನಡುಕ, ಮೊದಲಿನಷ್ಟು ಸಾಲದಿರುವುದು, ಕೆಡುಕು ಕಂಡರೂ ಬಿಡಲಾಗದಿರುವುದು ಇವೆಲ್ಲವನ್ನೂ ನೋಡಿಯೇ ವೈದ್ಯರು ರೋಗ ನಿರ್ಧರಿಸುತ್ತಾರೆ. ಪಾಪನಿವೇದನೆಗೆ ಮುನ್ನ ಆತ್ಮಪರಿಶೋಧನೆ ಮಾಡುವ ನಮಗೆ ಇಂಥ ಪ್ರಶ್ನೆಗಳು ಹೊಸತೇ?

ಇನ್ನೊಂದು ಮಾತು. ಧ್ಯಾನಕೂಟದಲ್ಲಿ ಕಣ್ಣೀರಿಟ್ಟು, ಇಂದಿನಿಂದಲೇ ಬಿಟ್ಟೆ ಎಂದು ಪ್ರತಿಜ್ಞೆ ಮಾಡುವವರಿದ್ದಾರೆ. ಪ್ರತಿಜ್ಞೆ ಒಳ್ಳೆಯದೇ. ಆದರೆ ಹಲವು ವರ್ಷ ದಿನವೂ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ಡಾಕ್ಟರರನ್ನು ಕಾಣಿರಿ. ಔಷಧಿ ಪಡೆಯುವುದು ವಿಶ್ವಾಸದ ಕೊರತೆಯಲ್ಲ. ಪಂಪ್‌ವೆಲ್‌ಗೆ ಸಮೀಪದ ಕಂಕನಾಡಿಯಲ್ಲಿ 1880ರಲ್ಲಿ ಬಡರೋಗಿಗಳಿಗೆ ಔಷಧಿ ನೀಡಲಾರಂಭಿಸಿದವರು ಯೇಸುಸಭೆಯ ಗುರು ಫಾದರ್ ಅಗಸ್ಟಸ್ ಮುಲ್ಲರ್. ಅವರಿಗೆ ಪ್ರಾರ್ಥನೆಯೂ ಔಷಧಿಯೂ ಒಂದಕ್ಕೊಂದು ವಿರೋಧವಾಗಿರಲಿಲ್ಲ.

ತಾಯಂದಿರೇ, ಸಹೋದರಿಯರೇ, ಮನೆಯ ಮಾನ ಉಳಿಸಲು ನೀವು ಮೌನವಾಗಿರಬಹುದು. ಆದರೆ ಡಾಕ್ಟರರ ಮುಂದೆ ನೀವಾಡುವ ಒಂದು ನಿಜ ಮನೆಯನ್ನೇ ಉಳಿಸೀತು. ವಾಳೆಯ ಗುರಿಕಾರರೇ, ಕುಡುಕನೆಂದು ಬೆರಳು ತೋರಿಸುವ ಬದಲು ಜೊತೆಗೆ ಆಸ್ಪತ್ರೆಗೆ ಹೋಗಿರಿ. ಕೊಳದ ಬಳಿಯಿದ್ದ ಆ ರೋಗಿಯ ಅಳಲೂ ಇದೇ ಆಗಿತ್ತಲ್ಲವೇ, ನೀರಿಗಿಳಿಸಲು ತನಗೆ ಯಾರೂ ಇಲ್ಲವೆಂದು? ಹೋಗಲು ಸಂಕೋಚವಿದ್ದರೆ ಸರಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೆ ಹಗಲಿರುಳು ಕರೆ ಮಾಡಬಹುದು.

ನಿಜ ನುಡಿಯುವ ಧೈರ್ಯವನ್ನೂ, ಕೇಳಿಸಿಕೊಳ್ಳುವ ತಾಳ್ಮೆಯನ್ನೂ ಪ್ರಭು ನಮ್ಮೆಲ್ಲ ಕುಟುಂಬಗಳಿಗೆ ಅನುಗ್ರಹಿಸಲಿ.