ಹೊರಳಿದ ದಿನ, ತಿದ್ದಿದ ಬಾಳು

ಬಟ್ಟೆಯ ಕೊಳೆಯು ನೀರಿನಿಂದ ಹೋಗುವುದು. ತಾಮ್ರದ ಕಿಲುಬು ಹುಣಿಸೆಯ ಹುಳಿಯಿಂದ ಹೋಗುವುದು. ಮನದ ಕೊಳೆಯು ಯಾವುದರಿಂದ ಹೋಗುವುದು, ಎಷ್ಟು ಕಾಲಕ್ಕೆ ಹೋಗುವುದು, ಹೋಯಿತೆಂದು ತಿಳಿಯುವ ಬಗೆ ಯಾವುದು? ಈ ಮೂರು ಪ್ರಶ್ನೆಗಳು ಎಲ್ಲ ಮತಗಳ ಸಾಧಕರನ್ನೂ ಕಾಡಿರುವುವು.

ಕ್ರೈಸ್ತಮತದಲ್ಲಿ ಈ ವಿಚಾರಕ್ಕೆ ಪ್ರಧಾನವಾದ ಸ್ಥಾನವುಂಟು. ಅವರ ಹೊಸ ಒಡಂಬಡಿಕೆಯು ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟಿತು. ಅದರಲ್ಲಿ ಪಶ್ಚಾತ್ತಾಪಕ್ಕೆ ಬಳಸಿದ 'ಮೆಟಾನೋಯಾ' ಎಂಬ ಶಬ್ದಕ್ಕೆ ಮನಸ್ಸಿನ ಮಾರ್ಪಾಡು ಎಂದೇ ಅರ್ಥ. ಕನ್ನಡ ಕ್ರೈಸ್ತರು ಇದನ್ನು 'ಮಾನಸಾಂತರ' ಎನ್ನುವರು. ಇರುಳಿನಲ್ಲಿ ಯೇಸುವಿನ ಬಳಿಗೆ ಬಂದ ನಿಕೊದೇಮನೆಂಬ ವಿದ್ವಾಂಸನಿಗೆ, ಮನುಷ್ಯನು ಹೊಸದಾಗಿ ಹುಟ್ಟಬೇಕೆಂಬ ಬೋಧೆಯಾದುದನ್ನು ಯೋಹಾನನ ಸುವಾರ್ತೆಯು ಹೇಳುತ್ತದೆ. ದೇಹವು ಅದೇ, ಹೆಸರು ಅದೇ. ಒಳಗಿನ ಮನುಷ್ಯನು ಮಾತ್ರ ಬೇರೆ. ಇದೇ ಅವರು ಹೇಳುವ ಮರುಹುಟ್ಟು.

ಹಾಗಾದರೆ ಹುಟ್ಟು ಒಂದು ಕ್ಷಣದ ಸಂಗತಿಯೆ? ಹುಟ್ಟಿದವನು ಆ ಕ್ಷಣದಿಂದಲೇ ನೆಟ್ಟಗೆ ನಡೆಯುವನೆ? ಇದನ್ನು ತರ್ಕದಿಂದ ಬಿಡಿಸುವುದಕ್ಕಿಂತ ಒಬ್ಬನ ಬಾಳಿನಲ್ಲಿ ನೋಡುವುದು ಲೇಸು. ಅದಕ್ಕಾಗಿ ಇಂಗ್ಲೆಂಡಿನ ಜಾನ್ ನ್ಯೂಟನ್ ಎಂಬಾತನ ಚರಿತ್ರೆಯನ್ನು ವಾಚಕರ ಮುಂದಿಡುವೆನು. ಗುರುತ್ವಾಕರ್ಷಣದ ನಿಯಮವನ್ನು ಕಂಡ ವಿಜ್ಞಾನಿ ನ್ಯೂಟನ್ ಬೇರೆ, ಈತನು ಬೇರೆ.

ಈತನು 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದನು. ದೈವಭಕ್ತೆಯಾದ ತಾಯಿಯು ಈತನಿಗೆ ಏಳು ತುಂಬುವ ಮೊದಲೇ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿಗೆ ತಂದೆಯೊಡನೆ ಹಡಗು ಹತ್ತಿದನು. ಬೆಳೆಯುತ್ತ ದೇವರನ್ನು ಹಳಿಯುವುದರಲ್ಲಿ ನಾವಿಕರೂ ನಾಚುವಂತಾದನು. 1744ರಲ್ಲಿ ಬಲಾತ್ಕಾರದಿಂದ ನೌಕಾದಳಕ್ಕೆ ಸೇರಿಸಲ್ಪಟ್ಟು, ಓಡಿಹೋಗಲೆತ್ನಿಸಿ ಚಾವಟಿಯ ಏಟು ತಿಂದನು. ಕಡೆಗೆ ಆಫ್ರಿಕದ ಪಶ್ಚಿಮ ತೀರದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹಸಿವು, ಜ್ವರ, ಅವಮಾನಗಳಲ್ಲಿ ತಾನೇ ಗುಲಾಮನಂತೆ ಬದುಕಿದನು. 1748ನೆಯ ಮಾರ್ಚ್ ತಿಂಗಳಲ್ಲಿ ಅಲ್ಲಿಂದ ಊರಿಗೆ ಮರಳುವಾಗ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಯೆದ್ದು ಹಡಗು ಒಡೆಯಿತು. ಗಂಟೆಗಟ್ಟಲೆ ನೀರನ್ನು ಹೊರಹಾಕಿ, ಬಳಿಕ ಚುಕ್ಕಾಣಿ ಹಿಡಿದು ನಿಂತಾಗ ಆತನ ಬಾಯಿಂದ ದೇವರ ಕರುಣೆಯನ್ನು ಬೇಡುವ ಮಾತು ಹೊರಟಿತು. ಹಡಗು ಹೇಗೋ ಐರ್ಲೆಂಡಿನ ದಡ ಸೇರಿತು. ಆ ದಿನವನ್ನು ಆತನು ಬಾಳಿನುದ್ದಕ್ಕೂ ವ್ರತದಂತೆ ಆಚರಿಸಿದನು.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಬಹುಮಂದಿ. ಪಾಪಿಯು ಹೊರಳಿದನು, ಪುಣ್ಯಾತ್ಮನಾದನು ಎಂದರೆ ಕೇಳಲು ಹಿತವಾಗಿರುವುದು. ಆದರೆ ಮುಂದೆ ನಡೆದುದೇನು? ಬಿರುಗಾಳಿಯ ತರುವಾಯವೂ ಆತನು ಗುಲಾಮರ ಹಡಗನ್ನೇ ಏರಿದನು. 1750ರಿಂದ 1754ರ ವರೆಗೆ ಮೂರು ಯಾನಗಳಲ್ಲಿ ತಾನೇ ಕಪ್ತಾನನಾಗಿದ್ದನು. ಮೇಲಂತಸ್ತಿನಲ್ಲಿ ನಾವಿಕರನ್ನು ಕೂಡಿಸಿ ಭಾನುವಾರದ ಪ್ರಾರ್ಥನೆ ನಡೆಯಿಸುವನು. ಕೆಳಗಿನ ಕತ್ತಲೆಯಲ್ಲಿ ಸಂಕೋಲೆ ತೊಟ್ಟ ಗಂಡಸರು ಒತ್ತೊತ್ತಾಗಿ ಮಲಗಿರುವರು. ದಂಗೆಯ ಸಂಶಯ ಬಂದಾಗ, ನಿಜ ನುಡಿಸಲು ಹುಡುಗರ ಹೆಬ್ಬೆರಳುಗಳಿಗೆ ಕಬ್ಬಿಣದ ತಿರುಪು ಹಾಕಿಸಿದುದನ್ನು ಆತನೇ ತನ್ನ ದಿನಚರಿಯಲ್ಲಿ ಬರೆದಿಟ್ಟಿರುವನು. ಆ ವೃತ್ತಿಯನ್ನು ಬಿಟ್ಟುದೂ ಮನಸ್ಸಾಕ್ಷಿಯ ಕರೆಯಿಂದಲ್ಲ. 1754ರಲ್ಲಿ ಆರೋಗ್ಯವು ಕೆಟ್ಟುದರಿಂದ. ತಾನು ಸೆರೆಮನೆಯ ಕಾವಲುಗಾರನಂತಿರುವೆನೆಂಬ ಬೇಸರ ಆತನಿಗೆ ಇದ್ದಿತು. ಆದರೆ ಅದು ದೇವರು ತನಗೆ ನೇಮಿಸಿದ ಕಾಯಕವೆಂದೇ ತಿಳಿದಿದ್ದನು.

ಹಾಗಾದರೆ ಬಿರುಗಾಳಿಯ ದಿನದ ಪ್ರಾರ್ಥನೆಯು ಸುಳ್ಳೆ? ಸುಳ್ಳೆನ್ನಲಾಗದು. ಬೈಗುಳವು ನಿಂತಿತು, ದಿನಚರಿಯ ಆತ್ಮಶೋಧನೆ ಮೊದಲಾಯಿತು. ಆದರೆ ಅದು ಪೂರ್ಣವೆಂದೂ ಹೇಳಲಾಗದು. ಅದಾದ ಬಹುಕಾಲದ ವರೆಗೆ ತಾನು ನಿಜವಾದ ವಿಶ್ವಾಸಿಯಾಗಿರಲಿಲ್ಲವೆಂದು ಮುಂದೆ ಆತನೇ ಒಪ್ಪಿಕೊಂಡನು. ಪ್ರಾಟೆಸ್ಟಂಟ್ ಪಂಥದ ಆಚಾರ್ಯರು ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸುವರು. ದೇವರ ಕೃಪೆಯಿಂದ ಕ್ಷಮೆಯನ್ನು ಪಡೆಯುವುದು ಒಂದು. ಆ ಕೃಪೆಯು ಬಾಳಿನ ಮೂಲೆಮೂಲೆಯನ್ನೂ ಹೊಕ್ಕು ಶುದ್ಧಿಗೊಳಿಸುವುದು ಇನ್ನೊಂದು. ಎರಡನೆಯದಕ್ಕೆ ಪವಿತ್ರೀಕರಣವೆಂದು ಹೆಸರು; ಅದು ಸಾಯುವ ವರೆಗೂ ಮುಗಿಯದ ಕೆಲಸ. ದೀಪ ಹಚ್ಚುವುದು ಒಂದು ಕ್ಷಣದ ಕಾರ್ಯ. ಆ ದೀಪವನ್ನು ಹಿಡಿದು ಮನೆಯ ಕೋಣೆಕೋಣೆಗಳನ್ನು ಶೋಧಿಸುವುದು ಬಹುಕಾಲದ ಕಾರ್ಯ.

ಆ ಶೋಧನೆಯಲ್ಲಿ ಕಟ್ಟಕಡೆಗೆ ತೆರೆಯುವ ಕೋಣೆ ಯಾವುದು? ನಮ್ಮ ಅನ್ನ ಬೆಳೆಯುವ ಕೋಣೆಯೇ. ಬೈಗುಳ, ಕುಡಿತ, ಕಾಮಗಳು ತಪ್ಪೆಂದು ಲೋಕವೇ ಹೇಳುವುದರಿಂದ ಅವು ಬೇಗ ಕಾಣುವುವು. ಲೋಕವು ಒಪ್ಪಿದ, ಕಾನೂನು ಮನ್ನಿಸಿದ, ಲಾಭ ತರುವ ತಪ್ಪು ಮಾತ್ರ ಕಣ್ಣೆದುರಿಗಿದ್ದರೂ ಕಾಣದು. ಲೂಕನ ಸುವಾರ್ತೆಯಲ್ಲಿ ಬರುವ ಜಕ್ಕಾಯನೆಂಬ ಸುಂಕದವನು ಯೇಸುವನ್ನು ಮನೆಗೆ ಬರಮಾಡಿಕೊಂಡಾಗಲೇ ಎದ್ದುನಿಂತು, ಅರ್ಧ ಆಸ್ತಿಯನ್ನು ಬಡವರಿಗೂ ವಂಚಿಸಿ ಪಡೆದುದರ ನಾಲ್ಕು ಪಟ್ಟನ್ನು ಕಳೆದುಕೊಂಡವರಿಗೂ ಕೊಡುವೆನೆಂದನು. ಆತನ ಹೃದಯವೂ ಹಣದ ಚೀಲವೂ ಒಂದೇ ದಿನ ಹೊರಳಿದುವು. ನ್ಯೂಟನನಿಗೆ ಇವೆರಡರ ನಡುವೆ ನಾಲ್ಕು ದಶಕಗಳು ಹಿಡಿದುವು.

ಆತನು 1764ರಲ್ಲಿ ದೀಕ್ಷೆ ಪಡೆದು ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದನು. ಇಂದು ಲೋಕವೆಲ್ಲ ಹಾಡುವ 'ಅಮೇಜಿಂಗ್ ಗ್ರೇಸ್' ಎಂಬ ಕೀರ್ತನೆಯನ್ನು 1773ರ ಹೊಸವರ್ಷದ ಪೂಜೆಗೆಂದು ಅಲ್ಲಿಯೇ ರಚಿಸಿದನು. ಆಗಲೂ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ನುಡಿದಿರಲಿಲ್ಲ. 1785ರಲ್ಲಿ ವಿಲ್ಬರ್‌ಫೋರ್ಸ್ ಎಂಬ ತರುಣ ಸಂಸದನು ರಾಜಕೀಯವನ್ನು ಬಿಡಲೆ ಎಂದು ಕೇಳಲು ಬಂದಾಗ, ಅಲ್ಲಿಯೇ ನಿಂತು ದೇವರ ಸೇವೆ ಮಾಡೆಂದು ಹೇಳಿ ಕಳುಹಿದನು. 1787ರಲ್ಲಿ ಆ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಸಂಘವೊಂದು ಹುಟ್ಟಿತು. ಅದರಲ್ಲಿ ಕ್ವೇಕರ್ ಪಂಥದವರೇ ಹೆಚ್ಚಾಗಿದ್ದರು. 1788ರಲ್ಲಿ ನ್ಯೂಟನನು ತನ್ನ ಪುಸ್ತಿಕೆಯನ್ನು ಪ್ರಕಟಿಸಿ, ಕಂಡುದನ್ನೂ ಮಾಡಿದುದನ್ನೂ ಹೆಸರಿಟ್ಟು ಹೇಳಿದನು. ಈ ತಪ್ಪೊಪ್ಪಿಗೆಯು ಬಹು ತಡವಾಯಿತೆಂದೂ ಬರೆದನು. ಪಾರ್ಲಿಮೆಂಟಿನ ಸಮಿತಿಯ ಮುಂದೆ ನಿಂತು ಸಾಕ್ಷ್ಯ ನುಡಿದನು. 1807ರ ಮಾರ್ಚಿಯಲ್ಲಿ ವ್ಯಾಪಾರವನ್ನು ನಿಷೇಧಿಸುವ ಶಾಸನವಾಯಿತು. ಅದೇ ಡಿಸೆಂಬರಿನಲ್ಲಿ ಆತನು ಕಣ್ಮುಚ್ಚಿದನು.

ಇಲ್ಲಿ ಎರಡು ಮಾತುಗಳನ್ನು ಮರೆಯಲಾಗದು. ಒಂದು, ಆತನ ಕಣ್ಣು ತೆರೆದುದು ಏಕಾಂತದ ಪ್ರಾರ್ಥನೆಯಿಂದಷ್ಟೇ ಅಲ್ಲ. ತಾನು ಕಾಣದುದನ್ನು ಕಂಡ ಇತರರ ಸಂಗದಿಂದಲೂ. ಎರಡು, ಒಬ್ಬನ ಮನಸ್ಸು ನಿಧಾನವಾಗಿ ಪಕ್ವವಾಗುವುದಕ್ಕೆ ಬೆಲೆ ತೆತ್ತವರು ಬೇರೆಯವರು. ಬ್ರಿಟಿಷ್ ಹಡಗುಗಳು ಆಫ್ರಿಕದಿಂದ ಸಾಗಿಸಿದವರ ಸಂಖ್ಯೆ 30 ಲಕ್ಷಕ್ಕೂ ಮಿಕ್ಕಿದುದೆಂದು ಇತಿಹಾಸಕಾರರ ಲೆಕ್ಕ. ದೇವರು ಕ್ಷಮಿಸಿದನೆಂಬ ಸಮಾಧಾನವು ಅವರಲ್ಲಿ ಒಬ್ಬನನ್ನೂ ತಾಯಿಯ ಮನೆಗೆ ಮರಳಿಸದು. ಆದುದರಿಂದಲೇ ನಿಜವಾದ ಪಶ್ಚಾತ್ತಾಪವು ಕಣ್ಣೀರಿನಲ್ಲಿ ಮುಗಿಯದೆ, ಕೆಟ್ಟುದನ್ನು ನಿಲ್ಲಿಸಲು ಬಾಯ್ದೆರೆದು ಸಾಕ್ಷಿ ಹೇಳುವುದು.

ಈ ಚರಿತ್ರೆಯನ್ನು ಓದುವಾಗ ನನಗೆ ನನ್ನ ಬೆತ್ತದ ನೆನಪಾಯಿತು. ಮುಂಜಾನೆ ಪೂಜೆ ಮಾಡಿದ ಕೈಯಿಂದಲೇ ಪಾಠ ಒಪ್ಪಿಸದ ಮಕ್ಕಳನ್ನು ಹಲವು ವರ್ಷ ಹೊಡೆದೆನು. ಗುರುವಿನ ಧರ್ಮವೆಂದೇ ಬಗೆದೆನು. ಆ ಪಾಪಕ್ಕೂ ಈ ಪಾಪಕ್ಕೂ ಅಳತೆಯಲ್ಲಿ ಹೋಲಿಕೆಯಿಲ್ಲ. ಕುರುಡು ಮಾತ್ರ ಒಂದೇ ಜಾತಿಯದು. ಒಬ್ಬ ಹುಡುಗನು ಹೆದರಿ ಶಾಲೆ ಬಿಟ್ಟ ಮೇಲೆ ಬೆತ್ತವನ್ನು ಇಟ್ಟೆನು. ಆ ಹುಡುಗನು ಮಾತ್ರ ಮರಳಲಿಲ್ಲ.

ಗೃಹಸ್ಥರು ನಿತ್ಯವೂ ದೇವರ ಮುಂದೆ ಕುಳಿತುಕೊಳ್ಳುವರು. ಹಾಗೆ ಕುಳಿತಾಗ, ನನ್ನ ಮನ ಹೊರಳಿತೆ ಎಂಬ ಪ್ರಶ್ನೆಯೊಂದೇ ಸಾಲದು. ನನ್ನ ಅಂಗಡಿ ಹೊರಳಿತೆ, ನನ್ನ ಹೊಲದ ಆಳಿನ ಕೂಲಿ ಹೊರಳಿತೆ, ಲೋಕವು ತಪ್ಪೆನ್ನದೆ ಬಿಟ್ಟ ಯಾವ ಕೋಣೆಯ ಬೀಗವನ್ನು ನಾನಿನ್ನೂ ತೆಗೆದಿಲ್ಲ ಎಂದೂ ಕೇಳಿಕೊಳ್ಳೋಣ. ದೀಪವು ಹತ್ತಿದ್ದರೆ ಅದನ್ನು ಆ ಬಾಗಿಲಿಗೂ ಒಯ್ಯೋಣ. ತಡವಾದಷ್ಟೂ ಕತ್ತಲೆಯಲ್ಲಿ ಕಾದಿರುವವನು ಬೇರೊಬ್ಬನು.